ಕೋಡ್ ಎಡಿಟರ್ ಬದಲಿಸುವ ಸಮಗ್ರ ಮಾರ್ಗದರ್ಶಿ: ಮೂರನೇ ದಿನಕ್ಕೆ ಹಳೆಯದಕ್ಕೇ ವಾಪಸ್ ಹೋಗದಿರಲು ಏನು ಮಾಡಬೇಕು

ಸೋಮವಾರ ಹೊಸ ಎಡಿಟರ್ ಹಾಕಿಕೊಳ್ಳುತ್ತಾರೆ. ಮಂಗಳವಾರ ರಾತ್ರಿ ಕೂತು ಥೀಮ್, ಫಾಂಟ್, ಇಪ್ಪತ್ತು ಪ್ಲಗಿನ್ ಜೋಡಿಸುತ್ತಾರೆ. ಬುಧವಾರ ಒಂದು ಅರ್ಜೆಂಟ್ ಬಗ್ ಬರುತ್ತದೆ, ಕೈ ಓಡುವುದಿಲ್ಲ, ಹಳೇ ಎಡಿಟರ್ ತೆರೆಯುತ್ತಾರೆ. ಅಲ್ಲಿಗೆ ಮುಗಿಯಿತು. ಜೊತೆಗೆ ಕೆಲಸ ಮಾಡಿದ ಎಷ್ಟೋ ಜನ ಹೀಗೇ ಕೈಬಿಟ್ಟಿದ್ದನ್ನು ನೋಡಿದ್ದೇನೆ. ನಾನೂ ಎರಡು ಸಲ ಕೈಬಿಟ್ಟಿದ್ದೇನೆ.

ಎಡವುವ ಜಾಗ ಎಲ್ಲರಿಗೂ ಒಂದೇ. ಎಡಿಟರ್, ಅದರ ಸೆಟ್ಟಿಂಗ್ಸ್, ಕೈಯ ಅಭ್ಯಾಸ, ಮೂರನ್ನೂ ಒಟ್ಟಿಗೇ ಬದಲಿಸಲು ಹೋಗುತ್ತಾರೆ. ಆಮೇಲೆ ಏನಾದರೂ ಕೆಟ್ಟರೆ ತಪ್ಪು ಯಾವುದರದ್ದು ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಯಾವ ಎಡಿಟರ್ ಒಳ್ಳೆಯದು ಅನ್ನುವುದಕ್ಕಿಂತ ಯಾವುದಾದ ಮೇಲೆ ಯಾವುದು ಅನ್ನುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಶುರು ಮಾಡುವ ಮುಂಚೆ ಬೇಕಾದದ್ದು

- ಗಿಟ್‌ನಲ್ಲಿರುವ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಒಂದು ಪ್ರಾಜೆಕ್ಟ್. ಎಲ್ಲ ಬದಲಾವಣೆ ಕಮಿಟ್ ಆಗಿರಬೇಕು.
- ನೀವು ಚೆನ್ನಾಗಿ ಬಲ್ಲ ಒಂದು ಭಾಷೆ. ಹೊಸ ಎಡಿಟರ್‌ನಲ್ಲಿ ಹೊಸ ಭಾಷೆ ಕಲಿಯುವುದು ಬೇಡ.
- ಒಂದು ಹಾಳೆ, ಒಂದು ಪೆನ್ನು. ಪಟ್ಟಿ ಸ್ಕ್ರೀನ್ ಮೇಲಿದ್ದರೆ ಅದನ್ನು ನೋಡಲು ಮತ್ತೆ ಕಿಟಕಿ ಬದಲಿಸಬೇಕಾಗುತ್ತದೆ.
- ರಿಲೀಸ್ ಇಲ್ಲದ ಎರಡು ವಾರ. ಇದು ಸಿಗದಿದ್ದರೆ ಮುಂದೂಡಿ.

ಹಳೇ ಎಡಿಟರ್ ತೆಗೆದುಹಾಕಬೇಡಿ, ಅದು ಇರಲಿ. ಆದರೆ ಒಂದೇ ಫೈಲನ್ನು ಎರಡರಲ್ಲೂ ತೆರೆದಿಡಬೇಡಿ. ಒಂದರಲ್ಲಿ ಆಟೋ ಸೇವ್ ಇದ್ದರೆ ಇನ್ನೊಂದರಲ್ಲಿ ಬರೆದದ್ದು ಅಳಿಸಿಹೋಗಬಹುದು.

## ಹಂತ 1: ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ

‘ದೊಡ್ಡ ಪ್ರಾಜೆಕ್ಟ್ ತೆರೆದರೆ ಈಗಿನದು ನಿಧಾನ.’ ‘ಸರ್ವರ್ ಮೇಲೆ ನೇರವಾಗಿ ಫೈಲ್ ತಿದ್ದಬೇಕು.’ ‘ಮೌಸ್ ಹಿಡಿದು ಮಣಿಕಟ್ಟು ನೋಯುತ್ತಿದೆ.’ ಇಂಥ ಕಾರಣ ಇದ್ದರೆ ಮುಂದೆ ಹೋಗಿ. ‘ಎಲ್ಲರೂ ಅದನ್ನೇ ಹೊಗಳುತ್ತಿದ್ದಾರೆ’ ಅನ್ನುವುದೊಂದೇ ಕಾರಣವಾದರೆ ಮೊದಲ ಕಷ್ಟದ ದಿನವೇ ಮನಸ್ಸು ಹಿಂದೆ ಸರಿಯುತ್ತದೆ.

ನಿಧಾನ ಅನ್ನುವುದೇ ನಿಮ್ಮ ದೂರಾದರೆ ಮೊದಲು ಅದು ಎಡಿಟರ್‌ನ ತಪ್ಪೇ ಅಂತ ನೋಡಿ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಪಿ ಒತ್ತಿ, ‘ಶೋ ರನ್ನಿಂಗ್ ಎಕ್ಸ್‌ಟೆನ್ಶನ್ಸ್’ ಹುಡುಕಿ. ಯಾವ ಎಕ್ಸ್‌ಟೆನ್ಶನ್ (ಪ್ಲಗಿನ್‌ಗೆ ಇಲ್ಲಿನ ಹೆಸರು) ಏಳಲು ಎಷ್ಟು ಮಿಲಿಸೆಕೆಂಡ್ ತಗೊಂಡಿತು ಅಂತ ತೋರಿಸುತ್ತದೆ. ‘ಎಕ್ಸ್‌ಟೆನ್ಶನ್ ಬೈಸೆಕ್ಟ್’ ಅಂತ ಇನ್ನೊಂದಿದೆ. ಅದು ಅರ್ಧ ಎಕ್ಸ್‌ಟೆನ್ಶನ್‌ಗಳನ್ನು ಬಂದ್ ಮಾಡಿ, ತೊಂದರೆ ಇನ್ನೂ ಇದೆಯಾ ಅಂತ ಕೇಳುತ್ತಾ, ಕೊನೆಗೆ ತಪ್ಪಿತಸ್ಥನನ್ನು ಹಿಡಿದುಕೊಡುತ್ತದೆ. ಒಂದು ಎಕ್ಸ್‌ಟೆನ್ಶನ್ ತೆಗೆದ ಮೇಲೆ ಎಲ್ಲ ಸರಿಹೋದರೆ ಈ ಮಾರ್ಗದರ್ಶಿಯೇ ನಿಮಗೆ ಬೇಕಾಗಿಲ್ಲ.

## ಹಂತ 2: ಒಂದು ದಿನ ನಿಮ್ಮ ಕೈಯನ್ನು ಗಮನಿಸಿ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ.

ಹಳೇ ಎಡಿಟರ್‌ನಲ್ಲಿ ಒಂದು ಪೂರ್ತಿ ದಿನ ಕೆಲಸ ಮಾಡಿ. ಪಕ್ಕದಲ್ಲಿ ಹಾಳೆ ಇರಲಿ. ಕೈ ತಾನಾಗಿ ಮಾಡುವ ಪ್ರತಿ ಕೆಲಸಕ್ಕೂ ಒಂದೊಂದು ಗೀಟು ಹಾಕುತ್ತಾ ಹೋಗಿ. ಹೆಸರಿನಿಂದ ಫೈಲ್ ತೆರೆಯುವುದು, ಒಂದು ಫಂಕ್ಷನ್ ಎಲ್ಲಿ ಬರೆದಿದೆಯೋ ಅಲ್ಲಿಗೆ ಜಿಗಿಯುವುದು, ಅಲ್ಲಿಂದ ವಾಪಸ್ ಬರುವುದು, ಇಡೀ ಪ್ರಾಜೆಕ್ಟಿನಲ್ಲಿ ಒಂದು ಪದ ಹುಡುಕುವುದು, ವೇರಿಯಬಲ್ ಹೆಸರು ಎಲ್ಲ ಕಡೆ ಬದಲಿಸುವುದು, ಸಾಲನ್ನು ಮೇಲೆ ಕೆಳಗೆ ಸರಿಸುವುದು, ಕಾಮೆಂಟ್ ಮಾಡುವುದು, ಟೆಸ್ಟ್ ಓಡಿಸುವುದು.

ಸಂಜೆ ಎಣಿಸಿ ನೋಡಿ. ಗೀಟುಗಳೆಲ್ಲ ಸುಮಾರು ಹತ್ತು ಕೆಲಸಗಳ ಸುತ್ತವೇ ಗುಡ್ಡೆ ಬಿದ್ದಿರುತ್ತವೆ. ಆ ಹತ್ತೇ ನಿಮ್ಮ ಎಡಿಟರ್. ಉಳಿದದ್ದೆಲ್ಲ ಮೆನುವಿನಲ್ಲಿ ಹುಡುಕಿಕೊಂಡರೂ ನಡೆಯುತ್ತದೆ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ‘ವಾಪಸ್ ಬರುವುದು’. ಅದು ಅಷ್ಟು ಮುಖ್ಯ ಅಂತ ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ಹೊಸ ಎಡಿಟರ್‌ನಲ್ಲಿ ಜಿಗಿಯುವುದು ಕಲಿತು, ವಾಪಸ್ ಬರುವುದು ಕಲಿಯದೆ, ಪ್ರತಿ ಸಲ ಮೌಸ್ ಹಿಡಿದು ಹಳೇ ಫೈಲ್ ಹುಡುಕುತ್ತಿದ್ದೆ. ಮೊದಲ ಸಲ ಕೈಬಿಟ್ಟದ್ದು ಅದಕ್ಕೇ.

## ಹಂತ 3: ತಂಡದ ನಿಯಮಗಳನ್ನು ಎಡಿಟರ್‌ನಿಂದ ಹೊರಗೆ ತನ್ನಿ

ಹೊಸ ಎಡಿಟರ್ ಹಾಕುವ ಮುಂಚೆಯೇ ಇದನ್ನು ಮಾಡಿ. ಇಲ್ಲದಿದ್ದರೆ ಪೆಟ್ಟು ನಿಮಗೊಬ್ಬರಿಗೇ ಬೀಳುವುದಿಲ್ಲ, ಇಡೀ ತಂಡಕ್ಕೆ ಬೀಳುತ್ತದೆ.

ಆಗುವುದು ಹೀಗೆ. ಒಂದು ಫೈಲಿನಲ್ಲಿ ಎರಡೇ ಸಾಲು ತಿದ್ದಿ ಸೇವ್ ಮಾಡುತ್ತೀರಿ. ಹೊಸ ಎಡಿಟರ್ ತನ್ನ ಪಾಡಿಗೆ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿರುತ್ತದೆ, ಸಾಲಿನ ಕೊನೆಯ ಖಾಲಿ ಜಾಗ ಅಳಿಸಿರುತ್ತದೆ, ವಿಂಡೋಸ್ ರೀತಿಯ ಸಾಲು ಅಂತ್ಯವನ್ನು ಲಿನಕ್ಸ್ ರೀತಿಗೆ ಬದಲಿಸಿರುತ್ತದೆ. ಗಿಟ್ ಡಿಫ್‌ನಲ್ಲಿ (ಏನೇನು ಬದಲಾಗಿದೆ ಅಂತ ತೋರಿಸುವ ಪಟ್ಟಿ) ನಾನೂರು ಸಾಲು ಕೆಂಪು, ನಾನೂರು ಸಾಲು ಹಸಿರು. ರಿವ್ಯೂ ಮಾಡುವವರಿಗೆ ನಿಮ್ಮ ಎರಡು ಸಾಲು ಎಲ್ಲಿದೆ ಅಂತಲೇ ಕಾಣುವುದಿಲ್ಲ.

ಇದಕ್ಕೆ ಮದ್ದು ಎರಡು. ಮೊದಲನೆಯದು, ಪ್ರಾಜೆಕ್ಟಿನ ಬೇರಿನಲ್ಲಿ (ಎಲ್ಲಕ್ಕಿಂತ ಮೇಲಿನ ಫೋಲ್ಡರ್) ಎಡಿಟರ್‌ಕಾನ್ಫಿಗ್ ಫೈಲ್. ಹೆಸರಿನ ಮುಂದೆ ಒಂದು ಚುಕ್ಕೆ ಇರುವ ಚಿಕ್ಕ ಫೈಲ್ ಅದು. ಇಂಡೆಂಟ್‌ಗೆ ಟ್ಯಾಬೋ ಸ್ಪೇಸೋ, ಎಷ್ಟು ಸ್ಪೇಸ್, ಸಾಲು ಹೇಗೆ ಮುಗಿಯಬೇಕು, ಫೈಲಿನ ಕೊನೆಯಲ್ಲಿ ಸಾಲು ಅಂತ್ಯದ ಗುರುತು ಬೇಕೋ ಬೇಡವೋ, ಎಲ್ಲ ಅದರಲ್ಲಿ ಬರೆಯಬಹುದು. ಜೆಟ್‌ಬ್ರೈನ್ಸ್ ಎಡಿಟರ್‌ಗಳು ಇದನ್ನು ತಾವಾಗಿ ಓದುತ್ತವೆ. ನಿಯೋವಿಮ್ 0.9ರಿಂದ ಓದುತ್ತದೆ. ವಿಎಸ್ ಕೋಡ್‌ಗೆ ಮತ್ತು ಸಬ್‌ಲೈಮ್ ಟೆಕ್ಸ್ಟ್‌ಗೆ ಒಂದು ಎಕ್ಸ್‌ಟೆನ್ಶನ್ ಬೇಕು. ವಿಎಸ್ ಕೋಡ್‌ನಲ್ಲಿ ಇದನ್ನು ಹಾಕಿಕೊಳ್ಳದೆ, ‘ಫೈಲ್ ಇದೆ, ಆದರೂ ಕೆಲಸ ಮಾಡ್ತಿಲ್ಲ’ ಅನ್ನುವವರು ಬಹಳ.

ಮೇಕ್‌ಫೈಲ್‌ಗೆ (‘ಮೇಕ್’ ಸಾಧನ ಓಡಿಸುವ ಆಜ್ಞೆಗಳ ಫೈಲ್) ಮಾತ್ರ ಪ್ರತ್ಯೇಕ ನಿಯಮ ಬರೆಯಿರಿ. ಅದರಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಸ್ಪೇಸ್ ಆದರೆ ‘ಮಿಸ್ಸಿಂಗ್ ಸೆಪರೇಟರ್’ ಅಂತ ನಿಂತುಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುವುದರಿಂದ ಸುಮ್ನೆ ಗಂಟೆಗಟ್ಟಲೆ ಹುಡುಕಬೇಕಾಗುತ್ತದೆ.

ಎರಡನೆಯದು, ಫಾರ್ಮ್ಯಾಟರ್, ಅಂದರೆ ಕೋಡನ್ನು ಒಂದೇ ಶೈಲಿಗೆ ಜೋಡಿಸುವ ಪ್ರೋಗ್ರಾಂ. ಪೈಥಾನ್‌ಗೆ ಬ್ಲ್ಯಾಕ್, ಜಾವಾಸ್ಕ್ರಿಪ್ಟ್‌ಗೆ ಪ್ರೆಟಿಯರ್, ಗೋ ಭಾಷೆಗೆ ಗೋಫ್ಮಟ್, ರಸ್ಟ್‌ಗೆ ರಸ್ಟ್‌ಫ್ಮಟ್. ಇವು ಎಡಿಟರ್‌ನ ಹಂಗಿಲ್ಲದೆ ಟರ್ಮಿನಲ್‌ನಲ್ಲೇ ಓಡಬೇಕು. ಮೊದಲು ಅಲ್ಲಿ ಓಡಿಸಿ ನೋಡಿ, ಆಮೇಲೆ ಎಡಿಟರ್‌ಗೆ ಜೋಡಿಸಿ.

ಅಪಾಯದ ಸೂಚನೆ: ಹೊಸ ಎಡಿಟರ್ ಹಾಕಿದ ಮೇಲೆ ಅದರಲ್ಲಿ ಒಂದು ಅಕ್ಷರ ಸೇರಿಸಿ, ಅಳಿಸಿ, ಸೇವ್ ಮಾಡಿ. ಗಿಟ್ ಡಿಫ್ ಖಾಲಿ ಇರಬೇಕು. ಏನಾದರೂ ಕಂಡರೆ ಈ ಹಂತ ಇನ್ನೂ ಮುಗಿದಿಲ್ಲ.

## ಹಂತ 4: ಯಾವ ಗುಂಪಿಗೆ ಹೋಗುತ್ತಿದ್ದೀರಿ ಅಂತ ತಿಳಿಯಿರಿ

ವಿಎಸ್ ಕೋಡ್, ಸಬ್‌ಲೈಮ್, ಝೆಡ್ ಒಂದು ಗುಂಪು. ಹಗುರವಾಗಿ ಶುರುವಾಗುತ್ತವೆ, ಬೇಕಾದ್ದನ್ನು ಸೇರಿಸಿಕೊಳ್ಳಬೇಕು. ಇಂಟೆಲಿಜೆ, ಪೈಚಾರ್ಮ್ ಥರದ ಜೆಟ್‌ಬ್ರೈನ್ಸ್ ಸಾಧನಗಳು ಇನ್ನೊಂದು. ಎಲ್ಲ ಒಳಗೇ ಇರುತ್ತದೆ, ಆದರೆ ಮೊದಲ ಸಲ ಪ್ರಾಜೆಕ್ಟ್ ತೆರೆದಾಗ ಇಂಡೆಕ್ಸಿಂಗ್ (ಕೋಡನ್ನೆಲ್ಲ ಓದಿ ಪಟ್ಟಿ ಮಾಡಿಕೊಳ್ಳುವುದು) ಮುಗಿಯುವವರೆಗೆ ಕಾಯಬೇಕು. ಕಾಯದೆ ‘ಇದು ನಿಧಾನ’ ಅಂತ ಮುಚ್ಚಬೇಡಿ. ವಿಮ್, ನಿಯೋವಿಮ್, ಹೀಲಿಕ್ಸ್ ಮೂರನೇ ಗುಂಪು. ಇಲ್ಲಿ ಮೋಡ್ ಇರುತ್ತದೆ, ಬರೆಯುವುದು ಬೇರೆ, ತಿದ್ದುವುದು ಬೇರೆ. ಈಮ್ಯಾಕ್ಸ್ ತನ್ನದೇ ಒಂದು ಲೋಕ.

ಮೊದಲೆರಡು ಗುಂಪುಗಳ ಒಳಗೇ ಓಡಾಡುವವರು ಹಳೇ ಕೀಮ್ಯಾಪನ್ನೇ (ಯಾವ ಕೀಗೆ ಯಾವ ಕೆಲಸ ಅನ್ನುವ ಪಟ್ಟಿ) ಹೊಸದರಲ್ಲಿ ಹಾಕಿಕೊಳ್ಳಿ. ಜೆಟ್‌ಬ್ರೈನ್ಸ್‌ನಲ್ಲಿ ವಿಎಸ್ ಕೋಡ್ ಕೀಮ್ಯಾಪ್ ಸಿಗುತ್ತದೆ, ವಿಎಸ್ ಕೋಡ್‌ನಲ್ಲಿ ಸಬ್‌ಲೈಮ್, ಇಂಟೆಲಿಜೆ ಕೀಮ್ಯಾಪ್ ಸಿಗುತ್ತವೆ. ಅದರಲ್ಲಿ ನಾಚಿಕೆ ಏನಿಲ್ಲ.

ಮೂರನೇ ಗುಂಪಿಗೆ ಹೋಗುವವರಿಗೆ ನನ್ನ ಸಲಹೆ ಬೇರೆ. ಎಡಿಟರ್ ಬದಲಿಸುವ ಮುಂಚೆ, ಈಗಿರುವ ಎಡಿಟರ್ ಒಳಗೇ ವಿಮ್ ಕೀಗಳನ್ನು ಅಭ್ಯಾಸ ಮಾಡಿ. ಜೆಟ್‌ಬ್ರೈನ್ಸ್‌ಗೆ ಐಡಿಯಾವಿಮ್ ಇದೆ, ವಿಎಸ್ ಕೋಡ್‌ಗೂ ವಿಮ್ ಎಕ್ಸ್‌ಟೆನ್ಶನ್ ಇದೆ. ಕೈ ಪಳಗಿದ ಮೇಲೆ ನಿಜವಾದ ವಿಮ್‌ಗೆ ಹೋಗಿ. ಎಷ್ಟೋ ಜನಕ್ಕೆ ಅಲ್ಲಿಗೇ ಸಾಕಾಗುತ್ತದೆ, ಅವರಿಗೆ ಬೇಕಿದ್ದದ್ದು ಕೀಗಳೇ.

ಎಡಿಟರ್ ಇನ್ನೂ ಜೀವಂತ ಇದೆಯಾ ಅಂತಲೂ ನೋಡಿ. ಒಂದು ಕಾಲದಲ್ಲಿ ತುಂಬಾ ಜನ ಬಳಸುತ್ತಿದ್ದ ಆಟಮ್ ಅನ್ನು 2022ರ ಡಿಸೆಂಬರ್ 15ರಂದು ನಿಲ್ಲಿಸಿದರು. ಇನ್ನೊಂದು ವಿಷಯ, ವಿಎಸ್‌ಕೋಡಿಯಂ ಥರದ ವಿಎಸ್ ಕೋಡ್ ತದ್ರೂಪಿಗಳಿಗೆ ಹೋಗುವವರು ಗಮನಿಸಬೇಕು. ವಿಎಸ್ ಕೋಡ್ ಮಾಡುವ ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಶನ್ ಅಂಗಡಿ ಅದರದೇ ಉತ್ಪನ್ನಗಳಿಗೆ ಮಾತ್ರ. ಪೈಥಾನ್‌ನವರು ನೆಚ್ಚಿಕೊಂಡಿರುವ ಪೈಲ್ಯಾನ್ಸ್ ಎಕ್ಸ್‌ಟೆನ್ಶನ್‌ನ ಪರವಾನಗಿಯೂ ಹಾಗೇ. ನಿಮ್ಮ ಹತ್ತರ ಪಟ್ಟಿ ಇಂಥದ್ದರ ಮೇಲೆ ನಿಂತಿದ್ದರೆ ಬದಲಿ ಏನು ಅಂತ ಮೊದಲೇ ನೋಡಿಕೊಳ್ಳಿ.

## ಹಂತ 5: ಮೂರು ದಿನ ಬರೀ ಎಡಿಟರ್

ಪ್ಲಗಿನ್ ಇಲ್ಲ, ಥೀಮ್ ಇಲ್ಲ, ಬೇರೆಯವರ ಕಾನ್ಫಿಗ್ ಅಂತೂ ಬೇಡವೇ ಬೇಡ. ಸ್ವಂತದ್ದೊಂದು ಸಣ್ಣ ಪ್ರಾಜೆಕ್ಟಿನಲ್ಲಿ ದಿನಕ್ಕೆ ಒಂದು ಗಂಟೆ ಸಾಕು. ಆಫೀಸಿನ ಕೆಲಸ ಈ ಮೂರು ದಿನ ಹಳೆಯದರಲ್ಲೇ ನಡೆಯಲಿ.

ಒಳಗೇ ಇರುವ ಪಾಠದಿಂದ ಶುರು ಮಾಡಿ. ವಿಮ್‌ನವರು ಟರ್ಮಿನಲ್‌ನಲ್ಲಿ ‘ವಿಮ್‌ಟ್ಯೂಟರ್’ ಅಂತ ಕೊಡಿ. ಅರ್ಧ ಗಂಟೆಯ ಪಾಠ ಅದು. ನಿಯೋವಿಮ್‌ನಲ್ಲಿ ಕೋಲನ್ ಒತ್ತಿ ‘ಟ್ಯೂಟರ್’ (ಮೊದಲ ಅಕ್ಷರ ದೊಡ್ಡದು). ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್ + ಎಚ್, ಆಮೇಲೆ ಟಿ. ಓದಿದರೆ ಸಾಲದು, ಪ್ರತಿ ಪಾಠದಲ್ಲೂ ಕೈಯಲ್ಲಿ ಒತ್ತಿ. ಮಾರನೇ ದಿನ ಅದನ್ನೇ ಇನ್ನೊಮ್ಮೆ ಮಾಡಿ.

ವಿಮ್ ಯಾಕೆ ಇಷ್ಟ ಆಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಉದಾಹರಣೆ. ಕೋಡಿನಲ್ಲಿ ಡಬಲ್ ಕೋಟ್ ಒಳಗೆ ಒಂದು ಉದ್ದದ ಸಂದೇಶ ಇದೆ, ಅದನ್ನು ಪೂರ್ತಿ ಬದಲಿಸಬೇಕು. ಕರ್ಸರ್ ಕೋಟ್ ಒಳಗೆ ಎಲ್ಲಿದ್ದರೂ ಸರಿ, ಸಿ, ಐ, ಡಬಲ್ ಕೋಟ್ ಒತ್ತಿ. ಒಳಗಿನದು ಮಾತ್ರ ಅಳಿಸಿ, ಬರೆಯಲು ಜಾಗ ತೆರೆದುಕೊಳ್ಳುತ್ತದೆ. ಕೋಟ್ ಬದಲು ಬ್ರ್ಯಾಕೆಟ್ ಒತ್ತಿದರೆ ಬ್ರ್ಯಾಕೆಟ್ ಒಳಗಿನದು. ಸಿ ಬದಲು ಡಿ ಒತ್ತಿದರೆ ಬರೀ ಅಳಿಸುತ್ತದೆ. ಒಂದು ಕ್ರಿಯಾಪದ, ಒಂದು ನಾಮಪದ, ಭಾಷೆಯ ಹಾಗೆ ಸೇರುತ್ತಾ ಹೋಗುತ್ತದೆ. ಇದು ಕೈಗೆ ಬರುವವರೆಗೆ ಪ್ಲಗಿನ್ ಹಾಕಿದರೆ ಈ ಸೊಗಸೇ ಕಾಣುವುದಿಲ್ಲ.

### ಟರ್ಮಿನಲ್‌ನಲ್ಲಿ ಎಲ್ಲರೂ ಬೀಳುವ ಎರಡು ಗುಂಡಿಗಳು

ಕಂಟ್ರೋಲ್ + ಝೆಡ್. ಹಳೇ ಅಭ್ಯಾಸದಿಂದ ‘ಹಿಂದಕ್ಕೆ’ ಅಂತ ಇದನ್ನು ಒತ್ತುತ್ತೀರಿ. ವಿಮ್ ಮಾಯ! ಟರ್ಮಿನಲ್‌ನಲ್ಲಿ ‘ಸ್ಟಾಪ್ಡ್’ ಅಂತ ಒಂದು ಸಾಲು. ಎಲ್ಲ ಹೋಯಿತು ಅಂದುಕೊಂಡು ಅದೇ ಫೈಲನ್ನು ಮತ್ತೆ ತೆರೆಯುತ್ತೀರಿ. ಈಗ ಸ್ವಾಪ್ ಫೈಲ್ (ತೆರೆದ ಫೈಲಿಗೆ ವಿಮ್ ಇಟ್ಟುಕೊಳ್ಳುವ ತಾತ್ಕಾಲಿಕ ಫೈಲ್) ಇದೆ ಅಂತ ದೊಡ್ಡ ಎಚ್ಚರಿಕೆ ಬರುತ್ತದೆ, ಇ325 ಅಂತ ಶುರುವಾಗುತ್ತದೆ. ಗಾಬರಿಯಲ್ಲಿ ‘ಎಡಿಟ್ ಎನಿವೇ’ ಕೊಟ್ಟರೆ ಒಂದೇ ಫೈಲ್ ಎರಡು ಕಡೆ ತೆರೆದಂತಾಯಿತು.

ನಿಜಕ್ಕೂ ಏನೂ ಹೋಗಿರುವುದಿಲ್ಲ. ವಿಮ್ ಹಿನ್ನೆಲೆಯಲ್ಲಿ ನಿಂತಿದೆ ಅಷ್ಟೆ. ಎಚ್ಚರಿಕೆ ಬಂದಿದ್ದರೆ ಕ್ಯೂ ಒತ್ತಿ ಹೊರಬನ್ನಿ. ಟರ್ಮಿನಲ್‌ನಲ್ಲಿ ಎಫ್‌ಜಿ ಅಂತ ಬರೆದು ಎಂಟರ್ ಕೊಡಿ, ಬಿಟ್ಟಲ್ಲಿಂದಲೇ ಎದ್ದು ಬರುತ್ತದೆ. ಹಿಂದಕ್ಕೆ ಹೋಗಲು ನಾರ್ಮಲ್ ಮೋಡ್‌ನಲ್ಲಿ (ಎಸ್ಕೇಪ್ ಒತ್ತಿದರೆ ಬರುವ ಮೋಡ್) ಯು, ಮತ್ತೆ ಮುಂದಕ್ಕೆ ಬರಲು ಕಂಟ್ರೋಲ್ + ಆರ್.

ಕಂಟ್ರೋಲ್ + ಎಸ್. ಸೇವ್ ಮಾಡಲು ಒತ್ತಿದ್ದೇ ತಡ, ಕೆಲವು ಟರ್ಮಿನಲ್‌ಗಳಲ್ಲಿ ಸ್ಕ್ರೀನ್ ಕಲ್ಲಾಗುತ್ತದೆ. ಯಾವ ಕೀ ಒತ್ತಿದರೂ ಅಲುಗಾಡುವುದಿಲ್ಲ. ಟರ್ಮಿನಲ್ ಮುಚ್ಚಬೇಡಿ. ಕಂಟ್ರೋಲ್ + ಎಸ್ ಅಂದರೆ ‘ಔಟ್‌ಪುಟ್ ನಿಲ್ಲಿಸು’ ಅನ್ನುವುದು ಟರ್ಮಿನಲ್‌ನ ಹಳೇ ಅರ್ಥ. ಕಂಟ್ರೋಲ್ + ಕ್ಯೂ ಒತ್ತಿದರೆ ಮತ್ತೆ ಓಡುತ್ತದೆ.

ಈಮ್ಯಾಕ್ಸ್‌ನವರು ಒಂದನ್ನು ನೆನಪಿಡಿ: ಎಲ್ಲಿ ಸಿಕ್ಕಿಹಾಕಿಕೊಂಡರೂ ಕಂಟ್ರೋಲ್ + ಜಿ.

## ಹಂತ 6: ಹತ್ತರ ಪಟ್ಟಿ ತುಂಬಿಸಿ

ಹಂತ 2ರ ಹಾಳೆ ತೆಗೆಯಿರಿ. ಪ್ರತಿ ಕೆಲಸದ ಮುಂದೆ ಹೊಸ ಎಡಿಟರ್‌ನ ಕೀ ಬರೆಯಿರಿ. ದಿನಕ್ಕೆ ಎರಡೇ. ಐದು ದಿನದಲ್ಲಿ ಹತ್ತೂ ಮುಗಿಯುತ್ತವೆ. ಒಂದೇ ದಿನ ಹತ್ತೂ ಕಲಿತರೆ ಮಾರನೇ ದಿನ ಹತ್ತೂ ಮರೆತಿರುತ್ತದೆ.

ಜಿಗಿದು ವಾಪಸ್ ಬರುವುದನ್ನೇ ತಗೊಳ್ಳಿ. ವಿಎಸ್ ಕೋಡ್‌ನಲ್ಲಿ ಜಿಗಿಯಲು ಎಫ್12, ವಿಂಡೋಸ್‌ನಲ್ಲಿ ವಾಪಸ್ ಬರಲು ಆಲ್ಟ್ + ಎಡ ಬಾಣ. ಈಮ್ಯಾಕ್ಸ್‌ನಲ್ಲಿ ಮೆಟಾ (ಸಾಮಾನ್ಯವಾಗಿ ಆಲ್ಟ್ ಕೀ) + ಚುಕ್ಕೆ ಜಿಗಿಯಲು, ಮೆಟಾ + ಅಲ್ಪವಿರಾಮ ಬರಲು. ವಿಮ್‌ನಲ್ಲಿ ಕಂಟ್ರೋಲ್ + ಬಲ ಚೌಕ ಬ್ರ್ಯಾಕೆಟ್ ಒತ್ತಿ ಜಿಗಿದು, ಕಂಟ್ರೋಲ್ + ಒ ಒತ್ತಿ ವಾಪಸ್. ಜೋಡಿ ಕೆಲಸಗಳನ್ನು ಹೀಗೆ ಜೊತೆಯಾಗಿಯೇ ಕಲಿಯಿರಿ.

ಕೀ ಗೊತ್ತಿಲ್ಲದಿದ್ದರೆ ಹುಡುಕುವ ಬಾಗಿಲು ಪ್ರತಿ ಎಡಿಟರ್‌ನಲ್ಲೂ ಒಂದಿದೆ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಪಿ, ಜೆಟ್‌ಬ್ರೈನ್ಸ್‌ನಲ್ಲಿ ಶಿಫ್ಟ್ ಎರಡು ಸಲ, ಈಮ್ಯಾಕ್ಸ್‌ನಲ್ಲಿ ಮೆಟಾ + ಎಕ್ಸ್. ಕೆಲಸದ ಹೆಸರು ಬರೆದರೆ ಮೊದಲೆರಡರಲ್ಲಿ ಪಕ್ಕದಲ್ಲೇ ಕೀ ಕಾಣಿಸುತ್ತದೆ.

## ಹಂತ 7: ಭಾಷಾ ಸರ್ವರ್ ಜೋಡಿಸಿ

ಕೋಡ್ ಪೂರ್ತಿ ಮಾಡುವುದು, ತಪ್ಪಿಗೆ ಕೆಂಪು ಗೆರೆ, ಹೆಸರು ಬದಲಿಸುವುದು, ಇವೆಲ್ಲ ಈಗ ಹೆಚ್ಚಿನ ಎಡಿಟರ್‌ಗಳ ಸ್ವಂತ ಬುದ್ಧಿಯಲ್ಲ. ಲ್ಯಾಂಗ್ವೇಜ್ ಸರ್ವರ್ ಅನ್ನೋ ಬೇರೆ ಪ್ರೋಗ್ರಾಂ ಅದನ್ನು ಮಾಡುತ್ತದೆ. 2016ರಲ್ಲಿ ಬಂದ ಎಲ್‌ಎಸ್‌ಪಿ ಅನ್ನೋ ಒಪ್ಪಂದದ ಪ್ರಕಾರ ಎಡಿಟರ್ ಕೇಳುತ್ತದೆ, ಸರ್ವರ್ ಉತ್ತರ ಕೊಡುತ್ತದೆ. ಗೋ ಭಾಷೆಗೆ ಗೋಪ್ಲ್ಸ್, ರಸ್ಟ್‌ಗೆ ರಸ್ಟ್-ಅನಲೈಸರ್, ಸಿ ಮತ್ತು ಸಿ++ಗೆ ಕ್ಲ್ಯಾಂಗ್‌ಡಿ, ಪೈಥಾನ್‌ಗೆ ಪೈರೈಟ್. ಹಾಗಾಗಿ ಎಡಿಟರ್ ಬದಲಿಸಿದರೂ ಈ ಬುದ್ಧಿ ನಿಮ್ಮ ಜೊತೆಗೇ ಬರುತ್ತದೆ. ಜೆಟ್‌ಬ್ರೈನ್ಸ್‌ನವು ಮಾತ್ರ ಹೆಚ್ಚಿನ ಭಾಷೆಗಳಿಗೆ ತಮ್ಮದೇ ಯಂತ್ರ ಬಳಸುತ್ತವೆ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ.

ಮೊದಲನೆಯದು, ಒಂದೇ ಫೈಲ್ ತೆರೆಯುವುದು. ಸರ್ವರ್‌ಗೆ ಪ್ರಾಜೆಕ್ಟಿನ ಬೇರು ಬೇಕು. ರಸ್ಟ್‌ನಲ್ಲಿ ಕಾರ್ಗೋ ಫೈಲ್ ಎಲ್ಲಿದೆಯೋ ಆ ಫೋಲ್ಡರನ್ನೇ ತೆರೆಯಿರಿ.

ಎರಡನೆಯದು, ಪೈಥಾನ್‌ನಲ್ಲಿ ತಪ್ಪು ಇಂಟರ್‌ಪ್ರಿಟರ್. ಪ್ರೋಗ್ರಾಂ ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡುತ್ತದೆ, ಎಡಿಟರ್‌ನಲ್ಲಿ ಮಾತ್ರ ಇಂಪೋರ್ಟ್ ಸಾಲುಗಳೆಲ್ಲ ಕೆಂಪು. ಕೋಡ್ ಮುಟ್ಟಬೇಡಿ. ಸರ್ವರ್ ನಿಮ್ಮ ವರ್ಚುಯಲ್ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟಿನ ಪ್ರತ್ಯೇಕ ಪೈಥಾನ್ ಜಾಗ) ಬಿಟ್ಟು ಸಿಸ್ಟಮ್‌ನ ಪೈಥಾನ್ ನೋಡುತ್ತಿದೆ. ವಿಎಸ್ ಕೋಡ್‌ನಲ್ಲಿ ‘ಸೆಲೆಕ್ಟ್ ಇಂಟರ್‌ಪ್ರಿಟರ್’ ಇದೆ. ಟರ್ಮಿನಲ್ ಎಡಿಟರ್ ಆದರೆ ಎನ್ವಿರಾನ್‌ಮೆಂಟ್ ಚಾಲೂ ಮಾಡಿದ ಮೇಲೆ ಎಡಿಟರ್ ತೆರೆಯಿರಿ.

ಮೂರನೆಯದು, ಸಿ++ನಲ್ಲಿ ಕಂಪೈಲ್ ಕಮಾಂಡ್ಸ್ ಪಟ್ಟಿಯ ಜೇಸನ್ ಫೈಲ್ ಇಲ್ಲದಿರುವುದು. ಅದಿಲ್ಲದೆ ಕ್ಲ್ಯಾಂಗ್‌ಡಿಗೆ ಹೆಡರ್ ಫೈಲ್‌ಗಳು ಎಲ್ಲಿವೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಸಿಮೇಕ್ ಬಳಸುವವರಿಗೆ ಅದನ್ನು ಬರೆಸುವ ಆಯ್ಕೆ ಅಲ್ಲೇ ಇದೆ.

ನಿಯೋವಿಮ್‌ನಲ್ಲಿ ಏನು ಸರಿಯಿಲ್ಲ ಅಂತ ನೋಡಲು ಕೋಲನ್, ‘ಚೆಕ್‌ಹೆಲ್ತ್’. ಹೀಲಿಕ್ಸ್‌ನಲ್ಲಿ ‘ಎಚ್‌ಎಕ್ಸ್ --ಹೆಲ್ತ್’.

## ಹಂತ 8: ಗಿಟ್‌ಗೆ ಹೊಸ ಎಡಿಟರ್ ಪರಿಚಯಿಸಿ

ಗಿಟ್‌ನಲ್ಲಿ ಕೋರ್ ಎಡಿಟರ್ ಅನ್ನೋ ಸೆಟ್ಟಿಂಗ್ ಬದಲಿಸಿ. ವಿಎಸ್ ಕೋಡ್ ಆದರೆ ‘ಕೋಡ್’ ಅಂತಷ್ಟೇ ಬರೆದರೆ ಆಗುವುದಿಲ್ಲ, ‘ಕೋಡ್ --ವೇಟ್’ ಅಂತ ಇರಬೇಕು. ಇಲ್ಲದಿದ್ದರೆ ಎಡಿಟರ್ ತೆರೆದ ಕೂಡಲೇ ಗಿಟ್ ನೀವು ಬರೆದು ಮುಗಿಸಿದಿರಿ ಅಂದುಕೊಳ್ಳುತ್ತದೆ. ಸಂದೇಶ ಖಾಲಿ ಅಂತ ಕಮಿಟ್ ರದ್ದು ಮಾಡುತ್ತದೆ. ಸಬ್‌ಲೈಮ್‌ನಲ್ಲೂ ಇದೇ ಕಥೆ, ಅಲ್ಲಿ ಡ್ಯಾಶ್ ಡಬ್ಲ್ಯೂ.

ಯಾವ ಎಡಿಟರ್ ಬಳಸಿದರೂ ವಿಐನಿಂದ (ವಿಮ್‌ನ ಹಳೇ ಮೂಲ) ಹೊರಬರುವುದು ಗೊತ್ತಿರಲಿ: ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಸೇವ್ ಮಾಡದೆ ಹೊರಬರುತ್ತದೆ. ಹೊಸ ಸರ್ವರ್‌ನಲ್ಲಿ ಏನೂ ಹೇಳದಿದ್ದರೆ ಗಿಟ್ ಹಲವು ಕಡೆ ತೆರೆಯುವುದು ವಿಐ ಅನ್ನೇ.

## ಹಂತ 9: ಈಗ ಪ್ಲಗಿನ್, ಒಂದೊಂದಾಗಿ

ಒಂದು ಹಾಕಿ, ಎರಡು ದಿನ ಬಳಸಿ, ಆಮೇಲೆ ಇನ್ನೊಂದು. ನಿಜವಾಗಿ ಮೂರು ಸಲ ಬೇಕು ಅನಿಸಿದ್ದನ್ನು ಮಾತ್ರ ಹಾಕಿ. ಎಕ್ಸ್‌ಟೆನ್ಶನ್ ನಿಮ್ಮ ಹೆಸರಿನಲ್ಲೇ ಓಡುತ್ತದೆ, ನೀವು ಓದಬಲ್ಲ ಫೈಲನ್ನೆಲ್ಲ ಅದೂ ಓದಬಲ್ಲದು. ಪಾಸ್‌ವರ್ಡ್, ಕೀ ಇರುವ ಫೈಲ್‌ಗಳೂ ಅದರಲ್ಲಿ ಸೇರಿದವು, ಅಲ್ವಾ? ಬರೆದವರು ಯಾರು, ಕೋಡ್ ಎಲ್ಲಿದೆ ಅಂತ ನೋಡದೆ ಹಾಕಬೇಡಿ.

ಏನೋ ಕೆಟ್ಟಾಗ ಮೊದಲ ಪ್ರಶ್ನೆ: ಪ್ಲಗಿನ್ ಇಲ್ಲದೆಯೂ ಹೀಗೇ ಆಗುತ್ತಾ? ವಿಮ್, ನಿಯೋವಿಮ್‌ನಲ್ಲಿ ‘--ಕ್ಲೀನ್’, ಈಮ್ಯಾಕ್ಸ್‌ನಲ್ಲಿ ಡ್ಯಾಶ್ ದೊಡ್ಡ ಕ್ಯೂ, ವಿಎಸ್ ಕೋಡ್‌ನಲ್ಲಿ ‘--ಡಿಸೇಬಲ್-ಎಕ್ಸ್‌ಟೆನ್ಶನ್ಸ್’ ಕೊಟ್ಟು ತೆರೆಯಿರಿ. ಅರ್ಧ ಗಂಟೆಯ ತಲೆನೋವು ಒಂದು ನಿಮಿಷದಲ್ಲಿ ಮುಗಿಯುತ್ತದೆ.

## ವಾಪಸ್ ಹೋಗಬೇಕೋ ಬೇಡವೋ

ಎರಡು ವಾರ ಆದ ಮೇಲೆ ಹಾಳೆ ನೋಡಿ. ಹತ್ತರಲ್ಲಿ ಏಳೆಂಟು ಕೆಲಸ ಯೋಚಿಸದೆ ಕೈಗೆ ಬರುತ್ತಿದ್ದರೆ ಆಫೀಸಿನ ಕೆಲಸ ಪೂರ್ತಿ ಹೊಸದಕ್ಕೆ ತನ್ನಿ. ಕೋಡ್ ಬರೆದದ್ದಕ್ಕಿಂತ ಕಾನ್ಫಿಗ್ ಬರೆದದ್ದೇ ಜಾಸ್ತಿ ಆಗಿದ್ದರೆ ಪ್ಲಗಿನ್‌ಗಳನ್ನು ತೆಗೆದು ಹಂತ 5ಕ್ಕೆ ಹೋಗಿ. ಹಂತ 1ರಲ್ಲಿ ಬರೆದ ಕಾರಣ ಇನ್ನೂ ಹಾಗೇ ಉಳಿದಿದ್ದರೆ, ಮಣಿಕಟ್ಟು ಇನ್ನೂ ನೋಯುತ್ತಿದ್ದರೆ, ಪ್ರಾಜೆಕ್ಟ್ ಇನ್ನೂ ನಿಧಾನವಾಗಿದ್ದರೆ, ನೆಮ್ಮದಿಯಾಗಿ ಹಳೆಯದಕ್ಕೆ ಹೋಗಿ.

ಉಳಿಯುವುದಾದರೆ ಸೆಟ್ಟಿಂಗ್ಸ್ ಫೈಲನ್ನು ಒಂದು ಗಿಟ್ ರೆಪೋದಲ್ಲಿ ಹಾಕಿಡಿ. ಪಾಸ್‌ವರ್ಡ್, ಟೋಕನ್ ಅದರೊಳಗೆ ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆಮೇಲೆ ಬೇರೊಂದು ಮಷೀನ್‌ನಲ್ಲಿ ಅದನ್ನು ಇಳಿಸಿ, ಹಾಳೆಯ ಹತ್ತು ಕೆಲಸವನ್ನೂ ಒಂದೊಂದಾಗಿ ಮಾಡಿ ನೋಡಿ. ಯಾವುದು ಓಡಲಿಲ್ಲವೋ ಅದರ ಮುಂದೆ ಗುರುತು ಹಾಕಿ, ಅಲ್ಲೇ ಸರಿಮಾಡಿ, ಕಮಿಟ್ ಮಾಡಿ.